ಅಜ್ಜಿಯ ಪಾತಿ, ಅವ್ವನ ಬಕೆಟ್ಟು

ಹಳೆಯ ಮನೆ ಎಂದರೆ ನಿಮಗೂ ಯಾವುದೋ ಘಮ ನೆನಪಾಗುತ್ತಿರಬಹುದು. ನನಗೆ ಚಹಾದಲ್ಲಿ ಕುದಿಯುವ ಮಜ್ಜಿಗೆಹುಲ್ಲಿನದು. ಆ ನಿಂಬೆಯಂಥ ವಾಸನೆ ಬಂದರೆ ಎಲ್ಲರ ಮುಖ ಅರಳುತ್ತದೆ, ನಾನು ಮಾತ್ರ ಲೋಟ ಪಕ್ಕಕ್ಕೆ ಸರಿಸುತ್ತೇನೆ. ಅಜ್ಜಂಪುರದ ನಮ್ಮ ಮನೆಯ ಹಿತ್ತಲಲ್ಲಿ, ಬಾವಿಯ ಪಕ್ಕ, ಅಪ್ಪನ ತಾಯಿ ಒಂದು ಪಾತಿ ಮಾಡಿಕೊಂಡಿದ್ದಳು. ಪುದೀನ, ದೊಡ್ಡಪತ್ರೆ, ಕೊತ್ತಂಬರಿ, ಅಂಚಿಗೆ ಮಜ್ಜಿಗೆಹುಲ್ಲು. ಒದ್ದೆ ಮಣ್ಣಿನ ಮೇಲೆ ಎಳೆಬಿಸಿಲು ಬಿದ್ದರೆ ಇಡೀ ಹಿತ್ತಲು ಘಮಘಮಿಸುತ್ತಿತ್ತು. ಬೆಳಿಗ್ಗೆ ಅಜ್ಜಿ ತಾನೇ ಹುಲ್ಲು ಕೊಯ್ದು ಚಹಾ ಕುದಿಸಿ ಅಪ್ಪನಿಗೆ, ಅಣ್ಣನಿಗೆ, ನನಗೆ ಕೊಡುತ್ತಿದ್ದಳು. ಅವ್ವನಿಗೆ ಇಲ್ಲ. ತನ್ನ ತಮ್ಮನ ಮಗಳನ್ನು ಸೊಸೆ ಮಾಡಿಕೊಳ್ಳಬೇಕೆಂದಿದ್ದವಳಿಗೆ ಲಿಂಗದಹಳ್ಳಿಯಿಂದ ಬಂದ ಅವ್ವನನ್ನು ಕಂಡರಾಗುತ್ತಿರಲಿಲ್ಲ. "ನನ್ನ ಪಾತಿಗೆ ಕೈ ಹಾಕಿದ್ರೆ ನೋಡು" ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಳಂತೆ. ಹಿತ್ತಲ ತುಂಬ ಸೊಪ್ಪಿದ್ದರೂ ಅವ್ವ ಸಾರಿಗೆ ಕೊತ್ತಂಬರಿಯನ್ನು ಸಂತೆಯಿಂದ ತರುತ್ತಿದ್ದಳು.

ಒಮ್ಮೆ ಪಕ್ಕದ ಮನೆಯ ಮುಮ್ತಾಜಮ್ಮ ಗೋಡೆಯ ಮೇಲಿಂದ ಪುದೀನದ ಕಡ್ಡಿಗಳನ್ನು ಕೊಟ್ಟರು. "ತಗೊಳ್ಳಮ್ಮ, ಬೇರು ಐತೆ, ಎಲ್ಲಿಟ್ರೂ ಬತ್ತದೆ." ಅವ್ವ ಅದನ್ನು ಒಡೆದ ಬಕೆಟ್ಟಿನಲ್ಲಿ ನೆಟ್ಟಳು. ಮಾರನೆಯ ದಿನ ಗಿಡ ಬುಡಸಮೇತ ತಿಪ್ಪೆಯಲ್ಲಿತ್ತು. ಅವ್ವ ಮತ್ತೆ ನೆಟ್ಟಳು. ಅಜ್ಜಿ ಮತ್ತೆ ಕಿತ್ತಳು. ಆ ದಿನ ಅವ್ವ ನೇರ ಪಾತಿಗೆ ಹೋಗಿ, ಅಜ್ಜಿಯ ಕಣ್ಣೆದುರೇ ದೊಡ್ಡಪತ್ರೆ ಕೊಯ್ದು, ಚಟ್ನಿ ಅರೆದು, ಮೊದಲು ಅಜ್ಜಿಯ ತಟ್ಟೆಗೇ ಬಡಿಸಿದಳು.

ಅಜ್ಜಿ ತಟ್ಟೆ ತಳ್ಳಿದಳು. "ಕಳ್ಳಿ ಮಾಡಿದ್ದನ್ನ ನಾನು ತಿನ್ನಲ್ಲ."

"ತಿನ್ಬೇಡಿ ಬಿಡಿ," ಎಂದಳು ಅವ್ವ. "ಇಷ್ಟು ವರ್ಷ ದುಡಿದ ಮನೇಲಿ ನಾಲ್ಕು ಎಲೆ ಕಿತ್ರೆ ನಾನು ಕಳ್ಳೀನಾ?"

ಅಪ್ಪ ತಲೆಯೆತ್ತದೆ ಉಂಡು ಎದ್ದು ಹೋದರು. ಅಂದಿನಿಂದ ಅಜ್ಜಿ ಬೇರೆ ಒಲೆ ಹೂಡಿದಳು. ಸಾಯುವವರೆಗೂ ಅವ್ವನ ಕೈಯಿಂದ ನೀರೂ ಕುಡಿಯಲಿಲ್ಲ. ಅವ್ವ ಮೂರನೇ ಸಲ ಪುದೀನ ನೆಟ್ಟಾಗ ಬಕೆಟ್ಟಿನ ತಂಟೆಗೆ ಮಾತ್ರ ಹೋಗಲಿಲ್ಲ.

ಅಜ್ಜಿ ತೀರಿಕೊಂಡದ್ದು ಬೇಸಿಗೆಯ ಮೊದಲಲ್ಲಿ. ಕೆಲವು ದಿನ ಕಳೆದು ಒಂದು ಸಂಜೆ ಅವ್ವ ತನ್ನ ಪುದೀನಕ್ಕೆ ನೀರು ಹಾಕುತ್ತಿದ್ದಳು. ಪಕ್ಕದಲ್ಲೇ ಪಾತಿ ಬಿರುಕು ಬಿಟ್ಟಿತ್ತು.

"ಇದಕ್ಕೂ ಒಂದು ಚೊಂಬು ಹುಯ್ಲೇನವ್ವ?" ಎಂದೆ.

"ಬ್ಯಾಡ. ಅದು ನಂದಲ್ಲ ಕಣೇ," ಎಂದಳು, ದನಿಯೆತ್ತದೆ.

ಕೊತ್ತಂಬರಿ ಮೊದಲು ಹೋಯಿತು, ಆಮೇಲೆ ದೊಡ್ಡಪತ್ರೆ. ಮಳೆ ಬರುವಷ್ಟರಲ್ಲಿ ಅಲ್ಲಿ ಏನೂ ಉಳಿದಿರಲಿಲ್ಲ. ಈಗ ಅವ್ವನೂ ಇಲ್ಲ. ಅಣ್ಣ ಹಿತ್ತಲಿಗೆಲ್ಲ ಕಾಂಕ್ರೀಟು ಹಾಕಿಸಿದ್ದಾನೆ. ಅಲ್ಲಿ ನಿಂತರೆ ಯಾವುದು ಯಾರ ಜಾಗವಾಗಿತ್ತೆಂದು ನನಗೂ ಗುರುತು ಹತ್ತುವುದಿಲ್ಲ.