ಎಲೆ ಉದುರಿಸುವ ಕಾಲ

ಪಾರ್ಕಿನ ಮಾಲಿಯ ಬಲಗೈ ಹೆಬ್ಬೆರಳಿನ ಉಗುರಿನ ಸಂದಿ ಯಾವಾಗಲೂ ಹಸಿರು. ಶಿಕಾರಿಪುರದ ಆ ಹಳೆಯ ಪಾರ್ಕಿನಲ್ಲಿ ಅವರು ಒಂದು ಕಡೆ ನಿಂತಿದ್ದನ್ನು ಕಂಡವರಿಲ್ಲ. ನಡೆಯುತ್ತಲೇ ಮಾತು, ನಡೆಯುತ್ತಲೇ ಬೀಡಿ. ದಾರಿಯಲ್ಲಿ ಸಿಕ್ಕ ರೆಂಬೆಯನ್ನೆಲ್ಲ ಉಗುರಿನಿಂದ ಗೀರಿ ಜೀವ ಇದೆಯೋ ಇಲ್ಲವೋ ನೋಡಬೇಕು. ಕಲ್ಲುಬೆಂಚಿನ ಮೇಲೆ ಕೂತವರನ್ನೂ ಬಿಡುತ್ತಿರಲಿಲ್ಲ. "ಏಳ್ರಿ, ಒಂದ್ ಸುತ್ತು ಹಾಕ್ರಿ. ಹಿಂಗೇ ಕೂತ್ರೆ ಬೇರು ಬಿಡ್ತೀರಿ."

ಪಾರ್ಕು ನೋಡಿಕೊಳ್ಳುವ ಕಚೇರಿಯಲ್ಲಿ ನಾನು ಗುಮಾಸ್ತ. ಪಾರ್ಕನ್ನು ಹೊಸದು ಮಾಡಲು ಹೊರಟಾಗ, ಕಡಿಯಬೇಕಾದ ಒಣಮರಗಳ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಶಿವರಾತ್ರಿಯ ಆಸುಪಾಸು. ಒಂದೇ ಗಂಟೆಯಲ್ಲಿ ಆರು ಮರಕ್ಕೆ ಕೆಂಪು ಬಣ್ಣದ ಗುರುತು ಹಾಕಿ ಕೈ ಒರೆಸಿಕೊಂಡೆ. ಆರೂ ಅಜ್ಜಂದಿರ ಕಾಲದ ಹೊಳೆದಾಸವಾಳದ ಮರ, ಒಂದರಲ್ಲೂ ಎಲೆಯಿರಲಿಲ್ಲ.

ಹಿಂದೆಯೇ ಬಂದ ಮಾಲಿ ಒಂದರ ತೊಗಟೆ ಗೀರಿ ತೋರಿಸಿದರು. ಒಳಗೆ ಹಸಿ.

"ಸಾಹೇಬ್ರೇ, ಇದು ಎಲೆ ಉದುರ್ಸೋ ಕಾಲ ಕಣ್ರಿ. ಬಟ್ಟೆ ಬದಲಾಯ್ಸೋರನ್ನ ಸತ್ತೋದ್ರು ಅಂತ ಬರೀತೀರೇನ್ರಿ?"

"ಪಟ್ಟಿ ಆಯ್ತು ಬಿಡ್ರಿ" ಎಂದು ಸಿಡುಕಿದೆ. ತಪ್ಪು ಗೊತ್ತಾಗಿತ್ತು, ಒಪ್ಪಿಕೊಳ್ಳಲು ಅಹಂಕಾರ ಬಿಡಲಿಲ್ಲ. ಪಟ್ಟಿಗೆ ಸಹಿಯೂ ಬಿತ್ತು.

ಮರ ಕಡಿಯುವವರು ಬಂದ ಬೆಳಿಗ್ಗೆ ನನಗೆ ಫೋನು ಬಂತು: "ಗುರುತೇ ಕಾಣ್ತಿಲ್ಲ, ಬರ್ರಿ." ಹೋಗಿ ನೋಡಿದರೆ, ಮಾಲಿ ಪಾರ್ಕಿನ ಅಷ್ಟೂ ಮರಗಳ ಬುಡಕ್ಕೆ ಹಬ್ಬದ ಕಟ್ಟೆಗೆ ಬಳಿದಂತೆ ಆಳೆತ್ತರ ಕೆಮ್ಮಣ್ಣು ಬಳಿದು, ಮೇಲೊಂದು ಸುಣ್ಣದ ಪಟ್ಟೆ ಎಳೆದಿದ್ದರು. ನನ್ನ ಕೆಂಪು ಗುರುತು ಆ ಕೆಂಪಿನೊಳಗೆ ಮುಚ್ಚಿಹೋಗಿತ್ತು.

"ಯಾವ್ದ್ರೀ ಕಡಿಯೋದು?" ಎಂದ ಗರಗಸದವನು.

ಬರೆದವನಿಗೆ ಮರ ಮರೆಯುತ್ತದೆಯೇ? ಆರನ್ನೂ ಬೆರಳು ಮಾಡಿ ತೋರಿಸಬಹುದಿತ್ತು. ಮಾಲಿ ದೂರದಲ್ಲಿ ನಿಂತಿದ್ದರು. ಅವರು ಹಾಗೆ ನಿಂತದ್ದು ಕಂಡು ನನಗೆ ಹೆದರಿಕೆಯಾಯಿತು.

"ಯಾವ್ದೂ ಇಲ್ಲ. ಪಟ್ಟಿನೇ ತಪ್ಪು. ಬರ್ದೋನು ನಾನೇ" ಎಂದೆ.

ಕಚೇರಿಯಲ್ಲಿ ಬೈಸಿಕೊಂಡೆ, ನೋಟಿಸೂ ಬಂತು. ಮರಗಳು ಉಳಿದವು. ಮಾಲಿ ಶಹಬ್ಬಾಸ್ ಅಂದಾರೆಂದು ಕಾದೆ. ಅವರು ಪಕ್ಕದಲ್ಲಿ ಹೆಜ್ಜೆ ಹಾಕುತ್ತಾ ಕೇಳಿದ್ದು ಇಷ್ಟೇ: "ಹೋದ್ ವರ್ಷ ಸೊರಬದ ರಸ್ತೆ ಮರಗಳ ಪಟ್ಟಿ ಬರ್ದಿದ್ದೂ ನೀವೇ ಅಲ್ಲೇನ್ರಿ? ಅದ್ ಯಾವ ತಿಂಗ್ಳಲ್ಲಿ?"

ನಾನು ಹೆಜ್ಜೆ ಜೋರು ಮಾಡಿದೆ. ಅವರು ಮತ್ತೆ ಕೇಳಲಿಲ್ಲ. ಹೋದ ಆಷಾಢದಲ್ಲಿ ತೀರಿಕೊಂಡರು.

ಸೊರಬದ ರಸ್ತೆಯ ಪಟ್ಟಿ ಬರೆದದ್ದೂ ಶಿವರಾತ್ರಿಯ ತಿಂಗಳಲ್ಲೇ. ಹದಿನಾಲ್ಕು ಮರ. ಅಲ್ಲಿ ನನ್ನನ್ನು ತಡೆಯಲು ಮಾಲಿ ಇರಲಿಲ್ಲ. ಸೊರಬದ ಬಸ್ಸು ಹತ್ತಿದರೆ ಈಗಲೂ ನಾನು ಕಿಟಕಿಯ ಪಕ್ಕ ಕೂರುವುದಿಲ್ಲ.