ಸರಿಂತೆನಕ್ಕ ಮನೆ ಎಣಿಸಿ ನಡೆದದ್ದು

ಜೋಗ್ಜ ನಗರದ ದೊಡ್ಡ ಮಾರುಕಟ್ಟೆಯಲ್ಲಿ ಮೂಟೆ ಹೊರುವವರೆಲ್ಲ ಹೆಂಗಸರೇ. ಉದ್ದನೆಯ ಬಟ್ಟೆಯೊಂದನ್ನು ಬೆನ್ನ ಮೇಲಿನ ಮೂಟೆಗೆ ಸುತ್ತಿ, ಎದೆಯ ಮುಂದೆ ಗಂಟು ಬಿಗಿದು, ಮುಂದಕ್ಕೆ ಬಾಗಿ ಮೂರು ಮಹಡಿ ಹತ್ತುತ್ತಾರೆ. ಸರಿಂತೆನಕ್ಕ ಹಾಗೆ ಮೂವತ್ತೊಂದು ವರ್ಷ ಹತ್ತಿದವಳು. ಮೊದಲು ನನ್ನ ಅಮ್ಮನಿಗೆ ಹೊತ್ತಳು, ಅಮ್ಮ ತೀರಿಕೊಂಡ ಮೇಲೆ ನನಗೆ. ನಮ್ಮ ಅಂಗಡಿಯಲ್ಲಿ ಮಾರಿದ ಒಂದೊಂದು ಬಾತಿಕ್ ಬಟ್ಟೆಯ ತುಂಡೂ ಅವಳ ಬೆನ್ನೇರಿಯೇ ಮೇಲೆ ಬಂದದ್ದು.

ಕುಳ್ಳಗಿನ ಗಟ್ಟಿ ಹೆಂಗಸು, ಬಾಯಿ ಜೋರು. ಮೆಟ್ಟಿಲಿಗೆ ಅಡ್ಡ ನಿಂತು ಮಾತಾಡುವವರನ್ನು ಕಂಡರೆ ಕೆಳಗಿನಿಂದಲೇ ಕೂಗುತ್ತಿದ್ದಳು: "ಯಾಕ್ರವ್ವಾ, ಇಲ್ಲೇ ಬೀಗತನ ಮಾಡ್ಕೊಂಡ್ರಾ? ಛತ್ರ ಬೇರೆ ಕಡೆ ನೋಡ್ಕೊಳ್ಳಿ, ದಾರಿ ಬಿಡಿ!"

ಅವಳಿಗೆ ಐವತ್ತೆರಡು ವರ್ಷವಾದಾಗ ಬೆನ್ನು ಹಿಡಿಯಿತು. ನಲವತ್ತು ಕಿಲೋ ಮೂಟೆ ಹೊತ್ತಾಗ ಅಲ್ಲ. ಬೆಳಿಗ್ಗೆ ನನ್ನ ಅಂಗಡಿ ಮುಂದೆ ಬಿದ್ದಿದ್ದ ಒಂದು ಪಿನ್ನನ್ನು ಎತ್ತಲು ಬಗ್ಗಿದವಳು ಹಾಗೆಯೇ ನಿಂತುಬಿಟ್ಟಳು. ಏಳಲೂ ಆಗದು, ಕೂರಲೂ ಆಗದು. ನಾವು ನಾಲ್ಕು ಜನ ಸೇರಿ ಬಟ್ಟೆಯ ರಾಶಿಯ ಮೇಲೆ ಮಲಗಿಸಿದೆವು. ನೋವಿನಲ್ಲೂ ಅವಳು ನನ್ನ ನೋಡಿ ನಕ್ಕಳು. "ಊರಿನ ಬಟ್ಟೆಯೆಲ್ಲಾ ಹೊತ್ತೆ ಕಣೇ ಯುನಿ, ಒಂದು ಪಿನ್ನು ನನ್ನ ಕೆಡವಿಬಿಡ್ತು ನೋಡು."

ಎಲ್ಲರೂ ಹೇಳಿದ್ದು ಒಂದೇ ಮಾತು, ಮಲಗು ಅಂತ. ನಾನೂ ಅದನ್ನೇ ಹೇಳಿದೆ. ಬಸ್ಸಿನಲ್ಲಿ ಒಂದು ಗಂಟೆ ದೂರದ ಕಲಿಸೊಕ ಎಂಬ ಹಳ್ಳಿ ಅವಳದು. ಅಲ್ಲಿ ಹೋಗಿ ಮಲಗಿದಳು. ಒಂದು ವಾರ ಅಂದುಕೊಂಡದ್ದು ನಾಲ್ಕು ತಿಂಗಳಾಯಿತು.

ಅವಳ ಗಂಡ ಸಮಿಜಾನ್ ಹಕ್ಕಿಯ ಪಂಜರ ಮಾಡುವವನು. ಬಿದಿರು ಸೀಳಿ, ಕಡ್ಡಿ ಉಜ್ಜಿ, ಪಾರಿವಾಳ ಸಾಕುವವರಿಗೆ ಗುಮ್ಮಟದಂಥ ಪಂಜರ ಕಟ್ಟಿಕೊಡುತ್ತಿದ್ದ. ಮಾತು ಕಡಿಮೆ, ಪ್ರೀತಿ ಜಾಸ್ತಿ. ಹೆಂಡತಿ ಮಲಗಿದ ದಿನದಿಂದ ಬಿದಿರು ಮುಟ್ಟಲಿಲ್ಲ. ಅನ್ನ ಮಾಡಿದ, ತೆಂಪೆ ಎಂಬ ಸೋಯಾ ಬಿಲ್ಲೆ ಹುರಿದ, ಅವಳ ತಲೆ ಬಾಚಿದ. ದಿನಾ ಸಂಜೆ ಮುಲಾಮು ಹಚ್ಚಿ, ನಾಣ್ಯದ ಅಂಚಿನಿಂದ ಬೆನ್ನು ಕೆಂಪಾಗುವವರೆಗೆ ಕೆರೆದ. ನಮ್ಮಲ್ಲಿ ಮೈಕೈ ನೋವಿಗೆ ಅಜ್ಜಿಯರ ಕಾಲದಿಂದ ಇದೇ ಔಷಧ. ಅದು ಮಾಡುವಾಗ ಹಿತವಾಗಿರುತ್ತಿತ್ತು, ಬೆಳಿಗ್ಗೆಗೆ ಮತ್ತೆ ಅದೇ ನೋವು. ದಿನಕ್ಕೆ ಇಪ್ಪತ್ತು ಸಲ ಅವನು ಕೇಳುತ್ತಿದ್ದ ಪ್ರಶ್ನೆಯೂ ಒಂದೇ: "ನೋಯ್ತಿದೆಯಾ?"

ಆಸ್ಪತ್ರೆಯಲ್ಲಿ ಬೆನ್ನಿನ ಎಕ್ಸ್-ರೇ ಚಿತ್ರ ತೆಗೆಸಿದರು. ಎಲುಬು ಸವೆದಿದೆ, ಆದರೆ ನಿಮ್ಮ ವಯಸ್ಸಿನ ಎಲ್ಲರಿಗೂ ಇಷ್ಟು ಸವೆದಿರುತ್ತದೆ, ಗಾಬರಿ ಪಡುವಂಥದ್ದೇನಿಲ್ಲ ಎಂದರು ಡಾಕ್ಟರು. ಮಾತ್ರೆಯನ್ನೂ ಕೊಟ್ಟರು. ಸರಿಂತೆನಕ್ಕನಿಗೆ ಅವಮಾನವಾಯಿತು. "ಇಷ್ಟು ನೋಯ್ತಾ ಇದೆ, ಏನಿಲ್ಲ ಅಂತಾರಲ್ಲೇ! ಚಿತ್ರ ಪಕ್ಕದವಳದ್ದಿರಬೇಕು."

ನೋವು ಇಲ್ಲದ ದಿನಗಳೂ ಬರುತ್ತಿದ್ದವು. ಬಂದವೆಂದರೆ ಅವಳನ್ನು ಹಿಡಿಯುವವರಿಲ್ಲ. ಉಪವಾಸದ ತಿಂಗಳಿಗೆ ಮುಂಚೆ ಹಿರಿಯರ ಹೆಸರಲ್ಲಿ ಅಕ್ಕಿ ಹಿಟ್ಟಿನ ಅಪ್ಪ ಮಾಡಿ ಹಂಚುವ ಪದ್ಧತಿ ನಮ್ಮದು. ಆ ವರ್ಷ ಅದಕ್ಕೆ ಸರಿಯಾಗಿ ಬೆನ್ನು ಹಗುರಾಯಿತು. ಒಂದೇ ದಿನದಲ್ಲಿ ಹಿಟ್ಟು ಕುಟ್ಟಿದಳು, ಅಂಗಳ ಗುಡಿಸಿದಳು, ಅಷ್ಟೂ ದಿನದ ಚಾದರ ಹೊದಿಕೆಯೆಲ್ಲ ಒಗೆದಳು, ಇಡೀ ಬೀದಿಗೆ ಅಪ್ಪ ಹಂಚಿದಳು. ಮಾರನೆಯ ದಿನದಿಂದ ಒಂದು ವಾರ ಹಾಸಿಗೆ. "ನೋಡಿದ್ಯಾ, ಅಲ್ಲಾಡ್ಬಾರ್ದಿತ್ತು," ಎಂದ ಸಮಿಜಾನ್. ಅವಳಿಗೂ ಹಾಗೆಯೇ ಅನ್ನಿಸಿತು. ಆಮೇಲೆ ನೀರಿನ ತಂಬಿಗೆ ಎತ್ತುವ ಮುಂಚೆಯೂ ಬೆನ್ನಿನ ಅಪ್ಪಣೆ ಕೇಳುವವಳಾದಳು. ರಾತ್ರಿ ನಿದ್ದೆ ಬಾರದು, ಹಗಲೆಲ್ಲ ಜೊಂಪು. ಹೊತ್ತು ಹೋಗದ್ದಕ್ಕೆ ಸಕ್ಕರೆ ಸುರಿದ ಚಹಾ ಆರೇಳು ಲೋಟ.

ನಾನು ನೋಡಲು ಹೋದಾಗ ಅವಳ ಕೈ ಕಾಲು ಕಡ್ಡಿಯಾಗಿದ್ದವು. ಮೆಟ್ಟಿಲು ನಡುಗಿಸುತ್ತಿದ್ದ ದನಿ ಇಳಿದುಹೋಗಿತ್ತು. ನನಗೆ ಅಳು ಬಂತು. "ಏಳ್ಬೇಡ ಅಕ್ಕ, ಏಳ್ಬೇಡ" ಎಂದು ನಾನೇ ಒಳಗೆ ಹೋಗಿ ನೀರು ಕುಡಿದು ಬಂದೆ. ಅದು ಒಳ್ಳೆಯ ಕೆಲಸ ಎಂದುಕೊಂಡಿದ್ದೆ.

ಆ ಹೊತ್ತಿಗೆ ಅವರ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ರೆಟ್ನೊ ಎಂಬ ಹುಡುಗಿ ಬಂದಳು. ಕೀಲು ನೋವಿನವರಿಗೆ ವ್ಯಾಯಾಮ ಹೇಳಿಕೊಡುವವಳು. ಇನ್ನೂ ಮೂವತ್ತಾಗಿರಲಿಲ್ಲ. ಸಮಿಜಾನ್ ಹೆಂಡತಿಯನ್ನು ಪಕ್ಕದ ಮನೆಯವರ ಬೈಕಿನ ಹಿಂದೆ ಕೂರಿಸಿ ಕಳಿಸಿ, ತಾನು ಸೈಕಲ್ಲಿನಲ್ಲಿ ಹಿಂದೆಯೇ ಹೋದ. ರೆಟ್ನೊ ಬೆನ್ನು ಒತ್ತಿ, ಬಗ್ಗಿಸಿ, ಕಾಲೆತ್ತಿಸಿ ನೋಡಿದಳು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು.

"ಅಮ್ಮಾ, ನೋವಿಲ್ಲದ ದಿನ ಏನೇನು ಮಾಡ್ತೀರಿ?"

"ಎಲ್ಲಾ ಮಾಡ್ತೀನಿ."

"ನೋವಿದ್ದ ದಿನ?"

"ಏನೂ ಮಾಡಲ್ಲ."

"ಪಾಪ ಆ ಬೆನ್ನು," ಎಂದಳು ರೆಟ್ನೊ. "ಇವತ್ತು ಒಂದು ಮೆರವಣಿಗೆ, ನಾಳೆ ಸೂತಕ. ಯಾವ ದಿನ ಏನು ಕಾದಿದೆಯೋ ಅಂತ ಅದು ಸದಾ ಬಿಗಿ ಹಿಡ್ಕೊಂಡೇ ಇರುತ್ತೆ. ನೋವಿರಲಿ ಇಲ್ಲದಿರಲಿ, ದಿನಾ ಒಂದೇ ಅಳತೆ ನಡೀಬೇಕು ನೀವು, ವಾರಕ್ಕೆ ಸ್ವಲ್ಪ ಮಾತ್ರ ಹೆಚ್ಚಿಸ್ಬೇಕು."

ಸರಿಂತೆನಕ್ಕನಿಗೆ ಸಿಟ್ಟು ಬಂತು. "ಮೂವತ್ತೊಂದು ವರ್ಷ ನಡೆದವಳಿಗೆ ನೀನು ನಡಿಯೋದು ಕಲಿಸ್ತೀಯೇನಮ್ಮ?"

"ನಡಿಯೋದಲ್ಲ, ನಿಲ್ಲೋದು ಕಲಿಸ್ತೀನಿ. ಇನ್ನೂ ಒಂದಿಷ್ಟು ನಡೀಬಹುದು ಅನ್ನಿಸ್ತಿರುವಾಗ್ಲೇ ನಿಲ್ಲೋದು. ಅದು ನಿಮ್ಗೆ ಬರಲ್ಲ, ನೋಡ್ತಾ ಇರಿ."

ಇನ್ನೂ ಕೆಲವು ಹೇಳಿದಳು. ಮಧ್ಯಾಹ್ನ ಮಲಗಕೂಡದು, ಎಷ್ಟೇ ನಿದ್ದೆ ಕೆಟ್ಟರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳಬೇಕು, ಮೂರು ಗಂಟೆಯ ಮೇಲೆ ಚಹಾ ಇಲ್ಲ. ನಾಣ್ಯದಲ್ಲಿ ಕೆರೆಯುವುದು ಹಿತವಾದರೆ ಮಾಡಿಸಿಕೊಳ್ಳಿ, ಅದನ್ನೇ ನಂಬಿ ಕೂರಬೇಡಿ. ಕೊನೆಗೆ ಬಾಗಿಲ ಬಳಿ ಟೋಪಿ ತಿರುಗಿಸುತ್ತ ನಿಂತಿದ್ದ ಸಮಿಜಾನನ ಕಡೆ ತಿರುಗಿದಳು.

"ಅಪ್ಪಾ, ದಿನಕ್ಕೆ ಎಷ್ಟು ಸಲ ಇವರನ್ನ ನೋವಿದೆಯಾ ಅಂತ ಕೇಳ್ತೀರಿ?"

"ಎಣಿಸಿಲ್ಲಮ್ಮ."

"ಇನ್ನು ಮೇಲೆ ಕೇಳಬೇಡಿ. ನೀವು ಕೇಳಿದಾಗೆಲ್ಲ ಅವರು ಒಳಗೆ ಹೋಗಿ ನೋವನ್ನ ಹುಡುಕ್ಬೇಕಾಗುತ್ತೆ."

"ಮತ್ತೇನು ಕೇಳ್ಲಿ?" ಎಂದ ಅವನು. ನಾಲ್ಕು ತಿಂಗಳು ಅವನು ಹೆಂಡತಿಯೊಂದಿಗೆ ಬೇರೆ ಮಾತೇ ಆಡಿರಲಿಲ್ಲ.

"ದಾರೀಲಿ ಏನು ನೋಡಿದೆ ಅಂತ ಕೇಳಿ."

ಸರಿಂತೆನಕ್ಕನ ಬಳಿ ಗಡಿಯಾರವಿಲ್ಲ, ಇದ್ದರೂ ನೋಡುವವಳಲ್ಲ. ಅವಳು ಮನೆ ಎಣಿಸಿದಳು. ಮೊದಲ ವಾರ ನಾಲ್ಕನೆಯ ಮನೆಯವರೆಗೆ ಹೋಗಿ ವಾಪಸ್ಸು. ಮುಂದಿನ ವಾರ ಐದು. ನೋವಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ದಿನಾ ಅದೇ ಹೊತ್ತಿಗೆ ಬಂದು, ಬೇಲಿ ಮುಟ್ಟಿ, ಒಳಗೂ ಬಾರದೆ ತಿರುಗಿ ಹೋಗುವ ಹೆಂಗಸನ್ನು ಕಂಡು ಬೀದಿಯಲ್ಲಿ ಗುಸುಗುಸು ಶುರುವಾಯಿತು. ಐದನೆಯ ಮನೆಯ ಪೊನಿರಾ ಎಂಬ ಮುದುಕಿಗೆ ಮದುವೆಯಾಗದ ಮೊಮ್ಮಗಳಿದ್ದಳು. ಇವಳು ಯಾರದೋ ಪರವಾಗಿ ಹುಡುಗಿ ನೋಡಲು ಬರುತ್ತಿದ್ದಾಳೆ ಎಂದುಕೊಂಡು, ಮೂರನೆಯ ದಿನ ಮೊಮ್ಮಗಳಿಗೆ ಒಳ್ಳೆಯ ಕೆಬಾಯ ರವಿಕೆ ತೊಡಿಸಿ ಜಗುಲಿಯ ಮೇಲೆ ಕೂರಿಸಿದ್ದಳು.

"ವರ ಎಲ್ಲಿಯವನೇ?" ಎಂದು ಕೇಳಿಯೂ ಬಿಟ್ಟಳು.

"ವರ ಇಲ್ಲ ಅಜ್ಜಿ, ನನ್ನ ಬೆನ್ನಿದೆ. ಬೇಕಾದ್ರೆ ಅದನ್ನೇ ಕಟ್ಕೊಳ್ಳಿ."

ಆ ನಗು ಇಡೀ ಬೀದಿಗೆ ಹಬ್ಬಿತು. ಆಮೇಲೆ "ಇವತ್ತು ಯಾವ ಮನೆವರೆಗೆ?" ಎಂದು ಕೇಳುವುದು ಎಲ್ಲರಿಗೂ ರೂಢಿಯಾಯಿತು. ಎಂಟನೆಯ ಮನೆಯವರು ಬೇಲಿಯ ಬಳಿ ಒಂದು ಬಿದಿರಿನ ಮಣೆ ಹಾಕಿದರು. "ಒಂದು ಕ್ಷಣ ಕೂತು ಹೋಗು" ಎಂದರೆ ಕೂರುವಳು, "ಇನ್ನೆರಡು ಮನೆ ಹೋಗಿ ಬಾ" ಎಂದರೆ ಜಪ್ಪಯ್ಯ ಎಂದರೂ ಹೋಗುವವಳಲ್ಲ.

ಮನೆಗೆ ಬಂದರೆ ಸಮಿಜಾನ್ ಬಿದಿರು ಕಡ್ಡಿ ಉಜ್ಜುತ್ತ ಕೂತಿರುತ್ತಿದ್ದ. ಮತ್ತೆ ಪಂಜರ ಕಟ್ಟಲು ಶುರುಮಾಡಿದ್ದ. ಮೊದಮೊದಲು ಹಳೆಯ ಪ್ರಶ್ನೆ ತುದಿನಾಲಿಗೆಗೆ ಬಂದು, ತುಟಿ ಕಚ್ಚಿ, "ಏನ್... ಏನ್ ನೋಡ್ದೆ?" ಎನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ಪೊನಿರಜ್ಜಿಯ ಕೋಳಿ ಬಾವಿಕಟ್ಟೆಯ ಮೇಲೆ ಮೊಟ್ಟೆ ಇಟ್ಟಿದೆ. ಮಸೀದಿ ಮುಂದಿನ ಚಪ್ಪಲಿಗಳ ಒಂದು ಜೊತೆಯಲ್ಲಿ ಎರಡೂ ಎಡಗಾಲಿನವು. ಅವನು ನಗುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಅವರಿಬ್ಬರೂ ಹೀಗೆ ಕೂತು ಹರಟಿದ್ದು. ಅವಳು ಮಾರುಕಟ್ಟೆಗೆ ಬರುತ್ತಿದ್ದ ಕಾಲದಲ್ಲಿ ನಸುಕಿಗೆ ಹೊರಟರೆ ಮನೆ ಸೇರುವಾಗ ಸಂಜೆಯಾಗಿರುತ್ತಿತ್ತು.

ಎಲ್ಲವೂ ಸರಾಗವಾಗಿ ಆಗಲಿಲ್ಲ. ಹದಿನಾಲ್ಕನೆಯ ಮನೆ ಮುಟ್ಟಿದ ತಿಂಗಳಲ್ಲಿ ಅಣ್ಣನ ಮಗಳ ಮದುವೆ ಬಂತು. ಅಡುಗೆಮನೆಯಲ್ಲಿ ಅನ್ನದ ದೊಡ್ಡ ಬುಟ್ಟಿಯನ್ನು ಇಬ್ಬರು ಹುಡುಗಿಯರು ಎತ್ತಲಾರದೆ ಒದ್ದಾಡುತ್ತಿದ್ದರು. "ಸರೀರೇ ಆ ಕಡೆ" ಎಂದವಳೇ ಬೆನ್ನಿಗೆ ಬಟ್ಟೆ ಸುತ್ತಿ ಒಬ್ಬಳೇ ಚಪ್ಪರದವರೆಗೆ ಹೊತ್ತುಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಗಿ ಗೋಡೆ ಕಡೆ ತಿರುಗಿ ಅತ್ತಳಂತೆ. ಸಮಿಜಾನ್ ಪಕ್ಕದಲ್ಲಿ ಕೂತಿದ್ದ. ನೋಯುತ್ತಿದೆಯಾ ಎಂದು ಕೇಳಲಿಲ್ಲ. "ಅನ್ನ ಮಾತ್ರ ಚೆನ್ನಾಗಿ ಬೆಂದಿತ್ತು ಕಣೇ" ಎಂದ. ಅಳುತ್ತಿದ್ದವಳಿಗೆ ನಗು ಬಂದು, ನಕ್ಕದ್ದಕ್ಕೆ ಬೆನ್ನು ಛಳಕ್ ಎಂದು, ಇಬ್ಬರೂ ಇನ್ನಷ್ಟು ನಕ್ಕರು. ಮೂರನೆಯ ದಿನ ಎದ್ದು ಎರಡನೆಯ ಮನೆಯವರೆಗೆ ನಡೆದಳು. ಹತ್ತು ದಿನದಲ್ಲಿ ಮತ್ತೆ ಹದಿನಾಲ್ಕಕ್ಕೆ ಬಂದಳು. ಮೊದಲಿನ ಲೆಕ್ಕದಲ್ಲಾದರೆ ಅದು ಒಂದು ತಿಂಗಳ ಹಾಸಿಗೆ.

ಬೀದಿಯ ಕೊನೆಯ ಮನೆಯನ್ನೂ ದಾಟಿ, ಬಸ್ಸು ನಿಲ್ಲುವ ಕಟ್ಟೆ ಮುಟ್ಟಿದ ದಿನ ನನಗೆ ಫೋನ್ ಮಾಡಿದಳು. "ಯುನಿ, ಅಂಗಡೀಲಿ ಜಾಗ ಇದೆಯೇನೇ? ಹೊರೋಕಲ್ಲ, ಮಾರೋಕೆ."

ಬಂದಳು. ನಾನು ಮೆತ್ತನೆಯ ದಿಂಬು ಹಾಕಿದ ಕುರ್ಚಿ ತಂದಿಟ್ಟಿದ್ದೆ. ಅವಳು ಅರ್ಧ ಗಂಟೆ ಕೂರುವಳು, ಎದ್ದು ಬಟ್ಟೆ ಮಡಿಸುವಳು, ಮತ್ತೆ ಕೂರುವಳು, ಮಾತಿನ ನಡುವೆಯೇ ಮೆಟ್ಟಿಲ ಕಡೆ ಒಂದು ಸುತ್ತು ಹೋಗಿಬರುವಳು. ಗಿರಾಕಿಗಳಿದ್ದಾಗ ಹೀಗೆ ಎದ್ದುಹೋದರೆ ನನಗೆ ಕಿರಿಕಿರಿ. "ಅಕ್ಕ, ನೋವಾಗ್ತಿದ್ರೆ ಕೂತ್ಕೋ, ಕೂತ್ಕೋ ಅಂದ್ನಲ್ಲ" ಎಂದೆ ಒಮ್ಮೆ. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ನಿಮ್ಮಮ್ಮ ನನ್ನ ಮೂಟೆ ಹೊರಿಸಿ ಕೊಂದಳು, ನೀನು ದಿಂಬು ಹಾಕಿ ಕೊಲ್ತೀಯಾ. ಕೂತ್ರೆ ಹಿಡ್ಕೊಳ್ಳುತ್ತೆ ಕಣೇ. ನನ್ನ ಪಾಡಿಗೆ ನನ್ನ ಬಿಡು."

ಬಿಟ್ಟೆ. ಬಿಟ್ಟ ಮೇಲೆ ವ್ಯಾಪಾರವೂ ಚೆನ್ನಾಗಿಯೇ ಆಯಿತು. ಓಡಾಡುವಾಗ ಮೆಟ್ಟಿಲ ಬಳಿ ದಾರಿ ತಪ್ಪಿ ನಿಂತ ಗಿರಾಕಿಗಳನ್ನೆಲ್ಲ ನಮ್ಮ ಅಂಗಡಿಗೆ ಎಳೆದು ತರುತ್ತಿದ್ದಳು.

ನೋವು ಹೋಯಿತೇ ಎಂದು ಹೊಸಬರು ಕೇಳುತ್ತಾರೆ. "ಎಲ್ಲಿ ಹೋಗುತ್ತೆ? ಅತ್ತೆ ಇದ್ದ ಹಾಗೆ ಇದೆ. ಹೊತ್ತಿಗೆ ಸರಿಯಾಗಿ ಚಹಾ ಕೊಡ್ತೀನಿ, ಬೀರುವಿನ ಕೀಲಿ ಮಾತ್ರ ಕೊಡಲ್ಲ" ಎನ್ನುತ್ತಾಳೆ. ಕೆಲವು ಬೆಳಿಗ್ಗೆ ಅವಳ ಮುಖ ಬಿಳುಚಿಕೊಂಡಿರುವುದು ನನಗೆ ಕಾಣುತ್ತದೆ. ನಾನು ಏನೂ ಕೇಳುವುದಿಲ್ಲ. ಬಂದ ಸರಕಿನ ಬಣ್ಣದ ಬಗ್ಗೆ ಜಗಳ ತೆಗೆಯುತ್ತೇನೆ. ಸ್ವಲ್ಪ ಹೊತ್ತಿಗೆ ಅವಳ ದನಿ ಏರುತ್ತದೆ.

ಈ ಸಲ ಹಬ್ಬದ ಮರುವಾರ ಮಾರುಕಟ್ಟೆಯ ಹೆಂಗಸರೆಲ್ಲ ಸೇರಿ ಬಸ್ಸು ಮಾಡಿಕೊಂಡು ಸಮುದ್ರಕ್ಕೆ ಹೋದೆವು. ಗಂಡಂದಿರನ್ನು ಕರೆದುಕೊಂಡಿರಲಿಲ್ಲ. ಸರಿಂತೆನಕ್ಕ ಹತ್ತುವಾಗಲೇ ಡ್ರೈವರನಿಗೆ ಎರಡು ಕಡೆ ನಿಲ್ಲಿಸಬೇಕೆಂದು ಹೇಳಿ ಒಪ್ಪಿಸಿದಳು. ಮೊದಲ ನಿಲುಗಡೆಗೆ ಎಲ್ಲರೂ ಗೊಣಗಿದರು. ಎರಡನೆಯದಕ್ಕೆ ಎಲ್ಲರೂ ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡರು, ಅರ್ಧದಷ್ಟು ಜನ ಬೇಯಿಸಿದ ಕಡಲೆಕಾಯಿ ಕೊಂಡರು. ಉಳಿದ ದಾರಿಯಲ್ಲಿ ಅವಳು ಕಂಬ ಹಿಡಿದು ನಿಂತು ಹಳೆಯ ಹಾಡೊಂದನ್ನು ಶುರುಮಾಡಿದಳು. ಶ್ರುತಿ ಅವಳಿಗೆ ಎಂದೂ ಒಲಿದದ್ದಲ್ಲ.

ಅಲ್ಲಿನ ಕಪ್ಪು ಮರಳು ಚುರುಚುರು ಕಾದಿತ್ತು. ನಾವೆಲ್ಲ ಚಾಪೆ ಹಾಸಿ ಅಡ್ಡಾದೆವು. ಅವಳು ಸೀರೆಯಂಥ ತನ್ನ ಕಂದು ಬಾತಿಕ್ಕನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೈಯಲ್ಲಿ ಖಾರ ಹಚ್ಚಿದ ಮಾವಿನಕಾಯಿಯ ಪೊಟ್ಟಣ ಹಿಡಿದು, ನೀರಿನ ಅಂಚಿನಲ್ಲಿ ದೋಣಿಗಳನ್ನು ಒಂದೊಂದಾಗಿ ದಾಟುತ್ತ ಹೋದಳು. ಒಂದು ದೋಣಿಯ ಬಳಿ ನಿಂತು, ಬೆಸ್ತರ ಹೆಂಗಸಿನೊಂದಿಗೆ ಏನೋ ವಾದ ಮಾಡಿ, ಹೋದಷ್ಟೇ ನಿಧಾನವಾಗಿ ತಿರುಗಿ ಬಂದು, "ಮೀನು ಇಲ್ಲಿ ತಗೊಳ್ಬೇಡ್ರೇ, ನಿನ್ನೇದು" ಎಂದಳು.