ಕಾಕೂನ ಪಾಕೋಳಿ

ಗ್ರಾಂಟ್ ರೋಡಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯ ಧಾರವಾಡದ ಕಾಕೂ ಒಂದು ಬೆಳಿಗ್ಗೆ "ಪಾಕೋಳಿ ಬಂದಾವ ನೋಡೋ!" ಎಂದು ಕೂಗಿದರು. ಉಡುಪಿಯಿಂದ ಹೊಸದಾಗಿ ಬಂದಿದ್ದ ನಾನು ಪಕೋಡವೆಂದು ತಿಳಿದು ತಟ್ಟೆ ಹಿಡಿದು ಓಡಿದೆ. ಅವರು ತೋರಿಸಿದ್ದು ಟ್ರಾಮಿನ ತಂತಿಯ ಮೇಲೆ ಕೂತಿದ್ದ ಹಕ್ಕಿಗಳನ್ನು. ಕವಲುತೋಕೆಗೆ ಮರಾಠಿಯಲ್ಲಿ ಪಾಕೋಳಿ ಎನ್ನುತ್ತಾರಂತೆ.

ಅಂದಿನಿಂದ ಹಾರುವುದೆಲ್ಲ ನನಗೆ ಪಾಕೋಳಿಯೇ. ಬಾವಲಿಯೂ, ಒಮ್ಮೆ ಗಾಳಿಪಟವೂ. ಕಾಕೂ ಸೆರಗಿನಲ್ಲಿ ನಗು ಮುಚ್ಚಿಕೊಂಡು ಎರಡು ಬೆರಳನ್ನು ಕವಲಾಗಿ ಹಿಡಿಯುತ್ತಿದ್ದರು: "ಮೊದಲ ಬಾಲಾ ನೋಡೋ, ಆಮ್ಯಾಲ ಬಾಯಿ ತಗಿ."

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಜೋಡಿ ನಮ್ಮ ಗ್ಯಾಲರಿಯ ಸೂರಿಗೆ ಕೆಸರುಂಡೆ ಮೆತ್ತಿ, ಹೂಜಿಯಂಥ ಗೂಡು ಕಟ್ಟಿತು. ಒಳಗೆ ಮರಿಗಳು ಚೀಂಗುಡುತ್ತಿದ್ದಾಗ ಸುಣ್ಣ ಬಳಿಯುವವನು ಗೂಡು ಕೆಡವಲು ಕೋಲೆತ್ತಿದ. ಕಾಕೂ ನೀರು ತರಲು ಹೋಗಿದ್ದರು. ನಾನು ಅಡ್ಡ ನಿಂತು ಗಾಬರಿಯಲ್ಲಿ ನನ್ನ ಹರಕುಮುರುಕು ಹಿಂದಿಯಲ್ಲಿ ಕಿರುಚಿದೆ: "ಮತ್ ತೋಡೋ! ಅಂದರ್ ಪಕೋಡೇ ಕೇ ಬಚ್ಚೇ ಹೈ!"

ಅವನು ಹೊಟ್ಟೆ ಹಿಡಿದು ನಕ್ಕ. ಆ ಮೂಲೆಯೊಂದನ್ನು ಬಿಟ್ಟು ಸುಣ್ಣ ಬಳಿದ.

ಸಂಜೆ, ಸುದ್ದಿ ಕೇಳಿದ ಕಾಕೂ ಬಿಸಿ ಪಕೋಡದ ತಟ್ಟೆ ತಂದರು. ನಾನು ಅನುಮಾನದಿಂದ ಇಣುಕಿದೆ.

"ಇದಕ್ಕ ಬಾಲಾ ಇಲ್ಲೋ," ಎಂದರು. "ಸುಮ್ನ ಬಾಯಿ ತಗಿ."